‘ಕೆಪ್ಲರ್ ಪೋರ್ಟ್’ ಎಂಟನೇ ಭಾಗ, ಮೂರನೇ ಸಲ

"ಮೇಡಂ... ಟಿಶ್ಯೂ?"

ಕತ್ತಲಲ್ಲಿ ಪಕ್ಕದ ಸೀಟಿನಿಂದ ಬಂದ ದನಿಗೆ ಮುಕ್ತಾ ಬೆಚ್ಚಿಬಿದ್ದಳು. ಪರದೆಯ ಮೇಲೆ ಗ್ರಹವೊಂದು ಸಿಡಿಯುತ್ತಿತ್ತು. ಆ ಬೆಳಕಿನಲ್ಲಿ ಅವಳ ಕಣ್ಣೀರು ಅವನಿಗೆ ಕಂಡೇಬಿಟ್ಟಿತ್ತು!

"ಥ್ಯಾಂಕ್ಸ್ ರೀ..." ಎನ್ನುತ್ತ ಕೈ ಚಾಚಿದಳು. ಬೆರಳಿಗೆ ಬೆರಳು ತಾಗಿತು. ಅಷ್ಟಕ್ಕೇ ಎದೆ ಯಾಕೆ ಹೀಗೆ ಹೊಡೆದುಕೊಳ್ಳಬೇಕು?

ಅವಳು ಅತ್ತದ್ದು ಸಿನಿಮಾ ಹಿಡಿಸಿತೆಂದಲ್ಲ. ‘ಕೆಪ್ಲರ್ ಪೋರ್ಟ್’ ಸರಣಿಯನ್ನು ಶಾಲೆಯ ದಿನಗಳಿಂದ ಉಸಿರು ಬಿಗಿಹಿಡಿದು ನೋಡುತ್ತ ಬಂದವಳು ಅವಳು. ಅಂತರಿಕ್ಷ ನೌಕೆಯ ಕ್ಯಾಪ್ಟನ್ ವೇರಾ ಎಂದರೆ ಅವಳಿಗೆ ಒಡಹುಟ್ಟಿದ ಅಕ್ಕ. ಹಿಂದಿನ ಭಾಗದಲ್ಲಿ ವೀರಮರಣ ಹೊಂದಿದ್ದ ಆ ವೇರಾಳನ್ನು ಈ ಎಂಟನೇ ಭಾಗದಲ್ಲಿ ಎಬ್ಬಿಸಿ ತಂದು, ಬಾಯಿಗೆ ಚಿಲ್ಲರೆ ಜೋಕು ತುರುಕಿ, ಕೊನೆಗೆ ‘ಎಲ್ಲಾ ಕನಸು’ ಎಂದು ಕೈತೊಳೆದುಕೊಂಡಿದ್ದರು. ಅಳು ಬಾರದೆ ಇನ್ನೇನು!

ದೀಪ ಹತ್ತಿತು. ಅವಳ ‘ರೀ’ ಕೇಳಿದ್ದೇ ತಡ, ಪಕ್ಕದವನ ಮುಖ ಅರಳಿತ್ತು.

"ಓ, ಈ ಮರಾಠಿ ಊರಲ್ಲಿ ಕನ್ನಡದವರು! ಸಿನಿಮಾ ಅಷ್ಟು ಇಷ್ಟ ಆಯ್ತಾ ನಿಮಗೆ?"

ಇಷ್ಟು ದೊಡ್ಡವಳಾಗಿ, ಸಿನಿಮಾ ಕೆಟ್ಟದಾಗಿದೆ ಅಂತ ಅತ್ತೆ ಎಂದು ಹೇಳುವುದು ಹೇಗೆ?

"ಹೌದ್ರಿ... ಭಾಳ ಚಲೋ ಅದ!"

"ನಂಗೂ! ಸೂಪರ್ ಉಂಟು!"

ಅವನು ಲತೇಶ್. ಕುಂದಾಪುರದ ಕಡೆಯವನು. ಭೋಸರಿಯ ಕಾರ್ಖಾನೆಗಳ ನಡುವೆ ತಂದೆಯ ಹೋಟೆಲ್ ನೋಡಿಕೊಳ್ಳುತ್ತಿದ್ದ. ಧಾರವಾಡದ ಮನೆತನದ ಮುಕ್ತಾ ಯೆರವಡಾದ ಕ್ಲಿನಿಕ್ಕಿನಲ್ಲಿ ಜನರ ಕಣ್ಣು ಪರೀಕ್ಷಿಸುವವಳು. ಪಾಪ, ಎದುರಿಗಿದ್ದ ಈ ಒಂದು ಜೋಡಿ ಕಣ್ಣು ಮಾತ್ರ ಅವಳಿಗೆ ಓದಲು ಬರಲಿಲ್ಲ.

ಪರಿಚಯ ಸಲಿಗೆಯಾಯಿತು. ಸಲಿಗೆ ಪ್ರೀತಿಯಾಯಿತು. "ನಿಮ್ಮ ಇಷ್ಟದ ಸಿನಿಮಾ" ಎಂದು ಲತೇಶ್ ಮತ್ತೊಮ್ಮೆ ಟಿಕೆಟ್ ತಂದ. ಮುಕ್ತಾ ಹಲ್ಲು ಕಚ್ಚಿ ನಕ್ಕಳು!

ಮಳೆಗಾಲ ಮುಗಿಯುವ ಹೊತ್ತಿಗೆ ಅವನು ಕೇಳಿಯೇಬಿಟ್ಟ.

"ಮುಕ್ತಾ, ನಮ್ಮ ಮದುವೆ ವಿಷಯ... ಅಮ್ಮನಿಗೆ ಎಂತ ಹೇಳ್ಲಿ?"

"ಸ್ವಲ್ಪ ತಡೀರಿ..."

ಒಪ್ಪಿಗೆ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಸುಳ್ಳಿನಿಂದ ಶುರುವಾದ ಪ್ರೀತಿ ಇದು... ನಿಜ ಗೊತ್ತಾದರೆ ನನ್ನನ್ನು ನಂಬುತ್ತಾನೆಯೇ? ಆ ಭಯವೇ ಅವಳ ಬಾಯಿ ಕಟ್ಟಿತ್ತು.

ಅಷ್ಟರಲ್ಲಿ ಆ ದರಿದ್ರ ಸಿನಿಮಾ ಮರುಬಿಡುಗಡೆಯಾಗಬೇಕೆ! ಲತೇಶ್ ಮೂರನೇ ಸಲ ಟಿಕೆಟ್ ತಂದ. ಮಧ್ಯಂತರದಲ್ಲಿ ಮುಕ್ತಾ ಹೊರಗೆ ಬಂದು ಗೆಳತಿ ಹರ್ಷದಾಗೆ ಫೋನ್ ಹಚ್ಚಿದಳು.

"ಇನ್ನ ನನ್ನ ಕಡಿಂದ ಆಗೂದಿಲ್ಲ ಹರ್ಷದಾ! ಎಷ್ಟ್ ದಿನಾ ನಕ್ಕೋತ ನಾಟಕ ಮಾಡ್ಲಿ? ಅವರು ನೊಂದ್ಕೋತಾರ ಅಂತ ಸುಮ್ಮನದೀನಿ, ಅಷ್ಟ..."

ತಿರುಗಿದರೆ ಎರಡು ಕಾಫಿ ಹಿಡಿದು ಲತೇಶ್ ನಿಂತಿದ್ದ.

"ಕಷ್ಟಪಟ್ಟು ಸಹಿಸ್ಕೊಳ್ಳುದು ಬೇಡ, ಮುಕ್ತಾ."

ಒಂದು ಕಾಫಿ ಅವಳ ಕೈಗಿಟ್ಟು ಹೊರಟೇ ಹೋದ.

ಫೋನಿಲ್ಲ. ಮೆಸೇಜಿಲ್ಲ. ನನ್ನ ಸುಳ್ಳು ಗೊತ್ತಾಯಿತು, ಅದಕ್ಕೇ ಹೋದ... ಎಂದು ಮುಕ್ತಾ ದಿಂಬು ಒದ್ದೆ ಮಾಡಿಕೊಂಡಳು. ವಾರ ಕಳೆಯುವುದರೊಳಗೆ ತಾಳ್ಮೆ ಕೆಟ್ಟಿತು. ಹೋದರೆ ಹೋಗಲಿ, ನಿಜ ಕೇಳಿಯೇ ಹೋಗಲಿ!

ಭೋಸರಿಯ ಹೋಟೆಲಿನಲ್ಲಿ ಮಧ್ಯಾಹ್ನದ ಊಟದ ಗದ್ದಲ. ಗಲ್ಲಾಪೆಟ್ಟಿಗೆಯ ಹಿಂದೆ ಲತೇಶ್, ಗಡ್ಡ ಬೆಳೆದಿತ್ತು.

"ನನಗ ಆ ಸಿನಿಮಾ ಸೇರೂದಿಲ್ರೀ!" ಎಂದಳು ಒಂದೇ ಉಸಿರಿಗೆ. "ಮೊದಲನೇ ದಿನಾನ ಸೇರಿರಲಿಲ್ಲ. ಕೆಟ್ಟದದ ಅಂತ ಅತ್ತಿದ್ದೆ. ನಾಚಿಕಿಗೆ ಚಲೋ ಅದ ಅಂದೆ. ಸುಳ್ಳು ಹೇಳಿದ್ದು ತಪ್ಪಾತು. ಬೈರಿ... ಆದ್ರ ಹಿಂಗ ಸುಮ್ಮನಿರಬ್ಯಾಡ್ರಿ!"

ಸಾಂಬಾರಿನ ಬಕೆಟ್ ಹಿಡಿದವನೂ ನಿಂತುಬಿಟ್ಟ. ಲತೇಶ್ ಕಣ್ಣರಳಿಸಿದ.

"ಸಿನಿಮಾವಾ...? ಆವತ್ತು ನೀವು ಹೇಳಿದ್ದು ಸಿನಿಮಾದ ಬಗ್ಗೆಯಾ?"

"ಮತ್ತ್ಯಾರ ಬಗ್ಗೆರೀ?"

"ನನ್ನ ಬಗ್ಗೆ ಅಂದ್ಕೊಂಡೆ ಮಾರಾಯ್ತಿ!" ಅವನು ಧೊಪ್ಪೆಂದು ಕುರ್ಚಿಯಲ್ಲಿ ಕುಳಿತು, ಎರಡೂ ಕೈಯಲ್ಲಿ ಮುಖ ಒರೆಸಿಕೊಂಡ. "ನಾನು ಸಾಕಾಗಿ ಹೋಗಿದ್ದೇನೆ ನಿಮಗೆ ಅಂತ... ಅಯ್ಯೋ ದೇವರೇ! ನಂಗೂ ಆ ಸಿನಿಮಾ ಕಂಡ್ರೆ ಆಗುದಿಲ್ಲ!"

"ಏನು?! ಸೂಪರ್ ಅಂದ್ರಲ್ಲಾ?"

"ಹೋಟೆಲ್‌ನವರು ನಾವು. ಗಿರಾಕಿ ಚೆನ್ನಾಗುಂಟು ಅಂದ್ರೆ ನಾವೂ ಚೆನ್ನಾಗುಂಟು ಅನ್ನೂದು. ಅಪ್ಪ ಕಲಿಸಿದ್ದೇ ಅದು. ನೀವು ಅಳ್ತಾ ಹೊಗಳಿದ್ರಿ... ಇಲ್ಲ ಅನ್ನೂದು ಹೇಗೆ?"

"ನಾ ಏನು ನಿಮ್ಮ ಗಿರಾಕಿ ಏನ್ರೀ?"

ಎದೆಯ ಮೇಲಿನ ಕಲ್ಲು ಇಳಿದಂತಾಗಿ ಮುಕ್ತಾಗೆ ನಗು ಉಕ್ಕಿತು. ನಗುತ್ತಲೇ ಅತ್ತಳು. ಒಬ್ಬರಿಗಾಗಿ ಇನ್ನೊಬ್ಬರು ಆ ಶಿಕ್ಷೆಯನ್ನು ಮತ್ತೆ ಮತ್ತೆ ಅನುಭವಿಸಿದ್ದರಲ್ಲ! ಪ್ರೀತಿಗೆ ಇನ್ನೇನು ಸಾಕ್ಷಿ ಬೇಕಿತ್ತು? ಊಟಕ್ಕೆ ಕುಳಿತವರೊಬ್ಬರು "ಅರೇ ವಾ!" ಎಂದು ಮೇಜು ಕುಟ್ಟಿದರು.

ಲತೇಶ್ ಎದ್ದು ಬಂದು ಅವಳ ಕೈ ಹಿಡಿದ. ಈ ಸಲ ಇಬ್ಬರೂ ಬಿಡಲಿಲ್ಲ.

"ಇನ್ನ ಯಾವುದಾದ್ರೂ ಸುಳ್ಳು ಉಳದದ ಏನ್ರೀ? ಇದ್ರ ಈಗ ಹೇಳಿಬಿಡ್ರಿ."

ಅವನು ತಲೆ ತಗ್ಗಿಸಿದ.

"ಒಂದು ಉಂಟು... ನೀವು ಮದುವೆಗೆ ಒಪ್ಪಿದ್ದೀರಿ ಅಂತ ಅಮ್ಮನಿಗೆ ಆವಾಗಲೇ ಹೇಳಿಬಿಟ್ಟಿದ್ದೇನೆ."

ಮುಕ್ತಾ ಅವನ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.

"ಅದು ಸುಳ್ಳಲ್ಲ ಬಿಡ್ರಿ."