ಹೆಸರಿಲ್ಲದ ಇಮೇಜು

"ಆ ಗಂಟೆ ಇನ್ನೊಂದ್ಸಲ ಸುಮ್ನಿದ್ರೆ ಯಾರಾದ್ರೂ ಸತ್ತೇ ಹೋಗ್ತಾರೆ ಮೇಡಂ!"

ಶಿವರಂಜಿನಿ ಕಾಫಿ ಲೋಟವನ್ನು ಮುಟ್ಟದೆ ಬದಿಗೆ ಸರಿಸಿದಳು. ಗವಿಪುರಂನ ಆ ಮನೆಗೆ ಅಳುತ್ತ ಬಂದವರನ್ನು ಪತ್ತೇದಾರಿಣಿ ಸರ್ವಮಂಗಳಾ ಎಷ್ಟೋ ಕಂಡಿದ್ದರು. ಆದರೆ ಅವರ ಸಹಾಯಕಿ ಧೃತಿಗೆ ಈ ಮಾತು ಕೇಳಿ ದಿಗಿಲಾಯಿತು.

ಚಾಮರಾಜಪೇಟೆಯ ನರ್ಸಿಂಗ್ ಹೋಮ್ ಒಂದರ ತೀವ್ರ ನಿಗಾ ಘಟಕದಲ್ಲಿ, ರೋಗಿಯ ರಕ್ತದ ಆಮ್ಲಜನಕ ಶೇಕಡಾ ತೊಂಬತ್ತಕ್ಕಿಂತ ಇಳಿದರೆ ಗಂಟೆ ಬಾರಿಸಿ ಕೂಗಿಕೊಳ್ಳುವ ತಂತ್ರಾಂಶ ಶಿವರಂಜಿನಿ ಬರೆದದ್ದು. ಹಿಂದಿನ ದಿನ ಕಮಲಮ್ಮ ಎಂಬ ವೃದ್ಧೆಯ ತುಟಿ ನೀಲಿಗಟ್ಟಿದರೂ ಅದು ತುಟಿಪಿಟಕ್ಕೆನ್ನಲಿಲ್ಲ. ನರ್ಸ್ ವಿಶಾಖಾ ಅಕಸ್ಮಾತ್ ಆ ಕಡೆ ತಿರುಗಿದ್ದರಿಂದ ಜೀವ ಉಳಿಯಿತು.

"ತಂತ್ರಾಂಶ ಓಡೋ ಕಂಟೇನರ್ ಕೆಟ್ಟಿರ್ಬೇಕು ಅಂತ ಅಳಿಸಿ, ಅದೇ ಇಮೇಜಿಂದ ಹೊಸದು ಶುರು ಮಾಡ್ದೆ. ಅದೂ ಮೂಕ. ಎಲ್ಲಾರೂ ನನ್ನೇ ನೋಡ್ತಿದಾರೆ."

"ಇಮೇಜು ಅಂದ್ರೆ ತಂತ್ರಾಂಶದ ಮೂಲ ಪ್ರತಿ, ಸಂಕ್ರಾಂತಿಯ ಮರದಚ್ಚು ಇದ್ದಂಗೆ, ಕಂಟೇನರ್ ಅದ್ರಿಂದ ತೆಗೆದ ಸಕ್ಕರೆ ಗೊಂಬೆ, ಅಲ್ವೇನಮ್ಮ? ಹೊಸ ಗೊಂಬೆಗೂ ಮೂಗಿಲ್ಲ ಅಂದ್ರೆ ಅಚ್ಚನ್ನೇ ನೋಡ್ಬೇಕು. ನಡಿ," ಎಂದು ಸರ್ವಮಂಗಳಾ ಎದ್ದರು.

ಆಸ್ಪತ್ರೆಯಲ್ಲಿ ವಿಶಾಖಾ ಪ್ರತಿ ಹಾಸಿಗೆಯ ಬಳಿ ಒಬ್ಬೊಬ್ಬರನ್ನು ಕೂರಿಸಿದ್ದಳು. ಸರ್ವರ್ ಕೋಣೆಯಲ್ಲಿ ಶಿವರಂಜಿನಿಯ ಇಬ್ಬರು ಸಹೋದ್ಯೋಗಿಗಳಿದ್ದರು: ಅವಳೊಡನೆ ಜಗಳವಾಡಿ ಮಾತು ಬಿಟ್ಟಿದ್ದ ಈಶ್ವರ್, ಆಸ್ಪತ್ರೆಯ ದೂರುಗಳಿಗೆಲ್ಲ ಫೋನ್ ಎತ್ತುವ ಸಂಕರ್ಷಣ. ಮೂವರೂ ಬಳಸುತ್ತಿದ್ದುದು ಒಂದೇ ಲಾಗಿನ್. ಯಾರು ಏನು ಮಾಡಿದರೆಂದು ಅದರಿಂದ ತಿಳಿಯುವಂತಿರಲಿಲ್ಲ.

ಶಿವರಂಜಿನಿ ಕಮಾಂಡ್ ಹೊಡೆದಾಗ ಪರದೆಯ ಮೇಲೆ ಇಮೇಜುಗಳ ಸಾಲು ಮೂಡಿತು. ಹೆಸರಿದ್ದದ್ದು ಒಂದು. ಅದರ ಕೆಳಗೆ ಹೆಸರಿಲ್ಲದ ಮೂರ್ನಾಲ್ಕು.

"ಅವೆಲ್ಲ ಕಸ ಮೇಡಂ," ಎಂದ ಸಂಕರ್ಷಣ. "ಡಿಸ್ಕ್ ಬೇರೆ ತುಂಬ್ಹೋಗಿದೆ. ಗುಡಿಸಿಬಿಡ್ಲಾ?"

"ಇರ್ಲಿ ಬಿಡಿ."

ಅವನು ಹೊರಗೆ ಹೋದ ಮೇಲೆ ಸರ್ವಮಂಗಳಾ ಡಿಸ್ಕ್ ನೋಡಿಸಿದರು. ಮುಕ್ಕಾಲು ಪಾಲು ಖಾಲಿಯಿತ್ತು. ಹೆಸರಿಲ್ಲದವುಗಳಲ್ಲಿ ಇತ್ತೀಚಿನದರಿಂದ ಒಂದು ಕಂಟೇನರ್ ಮಾಡಿ, ಓಡಿಸದೆ ಹಾಗೇ ಇಡುವಂತೆ ಶಿವರಂಜಿನಿಯ ಕಿವಿಯಲ್ಲಿ ಹೇಳಿದರು. ಆಮೇಲೆ ಈಶ್ವರನಿಗೆ, "ನಾಳೆ ಕಂಟೇನರ್ ಪರೀಕ್ಷೆ ಮಾಡ್ತೀನಿ," ಎಂದರು. ಸಂಕರ್ಷಣನಿಗೆ ಮಾತ್ರ, "ನಾಳೆ ಆ ಹೆಸರಿಲ್ಲದ ಇಮೇಜುಗಳನ್ನ ಬಿಚ್ಚಿ ನೋಡ್ತೀನಿ," ಎಂದರು.

ಧೃತಿಗೆ ಅಂದು ಊಟ ಸೇರಲಿಲ್ಲ. ಹಾಸಿಗೆಯ ಪಕ್ಕ ಕೂತವರಿಗೆ ಒಂದು ಗಳಿಗೆ ಜೊಂಪು ಹತ್ತಿದರೆ ಗತಿಯೇನು?

ಬೆಳಿಗ್ಗೆ ಘಟಕದ ಗಾಜಿನ ಬಾಗಿಲ ಹೊರಗೆ ಎಲ್ಲರೂ ಸೇರಿದರು.

"ಈಗಿನ ಇಮೇಜ್ ಬಿಚ್ಚಿ ನೋಡಿದ್ವಿ. ಯಾರೋ ಓಡ್ತಿದ್ದ ಕಂಟೇನರ್ ಒಳಗೆ ಹೋಗಿ ತೊಂಬತ್ತನ್ನ ಎಪ್ಪತ್ತು ಮಾಡಿದಾರೆ," ಸರ್ವಮಂಗಳಾ ಶುರುಮಾಡಿದರು. "ಅದನ್ನೇ ಹೊಸ ಇಮೇಜ್ ಮಾಡಿ ಹಳೇ ಹೆಸರು ಕೊಟ್ಟಿದಾರೆ. ಹೆಸರು ಡಬ್ಬಿ ಮೇಲಿನ ಚೀಟಿ ಇದ್ದಂಗೆ. ಕಿತ್ತು ಇನ್ನೊಂದಕ್ಕೆ ಅಂಟಿಸಿದ್ರೆ ಮೊದಲಿನದು ಅನಾಮಧೇಯ. ಪಾಪ, ಶಿವರಂಜಿನಿ ಹೆಸರು ನಂಬಿ ಪ್ರತಿ ಸಲ ವಿಷದ ಡಬ್ಬಿನೇ ತೆಗೀತಿದ್ಲು."

"ಯಾರು ಮಾಡಿದ್ದು?" ಎಂದ ಈಶ್ವರ್.

"ಅಸಲಿ ಅಚ್ಚು ಅಳಿದುಹೋದ್ರೆ ಯಾರಿಗೆ ಲಾಭವೋ ಅವ್ರು. ಖಾಲಿ ಡಿಸ್ಕನ್ನ ತುಂಬಿದೆ ಅಂದವ್ರು ಒಬ್ರೇ. ಹೆಸರಿಲ್ಲದ್ದನ್ನ ನೋಡ್ತೀನಿ ಅಂತ ನಾನು ಹೇಳಿದ್ದೂ ಅವ್ರೊಬ್ರಿಗೇ. ಇವತ್ತು ನೋಡಿದ್ರೆ ಅವೆಲ್ಲ ಮಾಯ. ಆ ಅಸಲಿ ಅಚ್ಚೊಂದು ಮಾತ್ರ ಉಳಿದಿದೆ. ಅದ್ರಿಂದ ಮಾಡಿದ ಕಂಟೇನರ್ ಇರೋತನಕ ಆ ಗುಡಿಸೋ ಕಮಾಂಡ್ ಅದನ್ನ ಮುಟ್ಟಲ್ಲ, ಸಂಕರ್ಷಣ."

ಸಂಕರ್ಷಣನ ಮುಖ ಬಿಳಿಚಿಕೊಂಡಿತು. "ಬೆರಳಿನ ಕ್ಲಿಪ್ ಜರುಗಿದ್ರೂ ಕೂಗೋದು ಮೇಡಂ. ಪ್ರತಿ ಸಲ ನಂಗೇ ಫೋನು. ತಿಂಗಳುಗಟ್ಟಲೆ ನಿದ್ದೆ ಇಲ್ಲ. ಸ್ವಲ್ಪ ಸುಮ್ನಿರ್ಲಿ ಅಂತ..."

"ಕಮಲಮ್ಮೋರಿಗೆ ಹಂಗಾದ್ಮೇಲಾದ್ರೂ ಹೇಳ್ಬಾರ್ದಿತ್ತಾ?" ವಿಶಾಖಾಳ ದನಿ ಒಡೆಯಿತು.

"ಹೆದ್ರಿಕೊಂಡ್ಬಿಟ್ಟೆ."

ಶಿವರಂಜಿನಿ ಆಗಲೇ ಕೈಯಲ್ಲಿದ್ದ ಲ್ಯಾಪ್‌ಟಾಪಿನಿಂದ ಉಳಿದ ಇಮೇಜಿಗೆ ಅದರ ಹೆಸರನ್ನು ಮರಳಿಸಿ, ಹಳೆಯ ಕಂಟೇನರ್ ಅಳಿಸಿ, ಹೊಸದನ್ನು ಎಬ್ಬಿಸಿದ್ದಳು. ಮರುಕ್ಷಣವೇ ಗಾಜಿನಾಚೆಯ ಒಂದು ಹಾಸಿಗೆಯಿಂದ ಗಂಟೆ ಕಿರುಚಿಕೊಂಡಿತು. ವಿಶಾಖಾ ಬಾಗಿಲು ತಳ್ಳಿ ಓಡಿದಳು. ಹಾಸಿಗೆಯ ಪಕ್ಕ ಕಾವಲು ಕೂತಿದ್ದವಳು ಜೊಂಪಿನಿಂದ ಕಣ್ಣುಜ್ಜುತ್ತ ಎದ್ದಳು. ರೋಗಿಯ ಮೂಗಿನ ನಳಿಕೆ ಕಳಚಿ ದಿಂಬಿನ ಮೇಲೆ ಬಿದ್ದಿತ್ತು.

ಧೃತಿ ತಿರುಗಿ ನೋಡಿದಳು. ಸಂಕರ್ಷಣ ಗೋಡೆಗಾತು ಕುಸಿದು, ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡಿದ್ದ.