ಬೀದಿಯಲ್ಲಿ ಕೂಗಿದ ಹೆಸರು

"ತರೀಕೆರೆಯ ಮಹಾಜನಗಳೇ, ತಾಯಂದಿರೇ, ಅಕ್ಕತಂಗಿಯರೇ... ಮೈಗೊಪ್ಪುವ ಕುಪ್ಪಸ ಹೊಲಿಸಬೇಕೆ? ಕೋಟೆ ಬೀದಿಯ ಕುಮಾರಿ ಪಂಕಜಾಕ್ಷಿಯವರ ಮನೆಗೆ ಬನ್ನಿ. ಮರೆಯದಿರಿ... ಪಂಕಜಾಕ್ಷಿ, ಪಂಕಜಾಕ್ಷಿ, ಪಂಕಜಾಕ್ಷಿ..."

ಹೊಲಿಗೆ ಮಿಷನ್ ತುಳಿಯುತ್ತಿದ್ದ ಪಂಕಜಾಕ್ಷಿಯ ಕಾಲು ಹಾಗೆಯೇ ನಿಂತುಹೋಯಿತು.

ನನ್ನ ಹೆಸರೇ? ಮೈಕಿನಲ್ಲಿ?

ಎಪ್ಪತ್ತೇಳನೇ ಇಸವಿಯ ಮಾತು ಇದು. ಆಗ ಜಟಕಾಗಾಡಿಗೆ ಮೈಕು ಕಟ್ಟಿ ಕೂಗುತ್ತಿದ್ದದ್ದು ಟೆಂಟ್ ಸಿನಿಮಾದ ಹೆಸರು, ಗೊಬ್ಬರದಂಗಡಿಯ ಹೆಸರು, ಓಟಿಗೆ ನಿಂತವರ ಹೆಸರು. ಮದುವೆಯಾಗದ ಹುಡುಗಿಯ ಹೆಸರನ್ನು ಯಾವ ಗಂಡಸಾದರೂ ಹೀಗೆ ಬೀದಿಯಲ್ಲಿ ಕೂಗಿದ್ದುಂಟೇ?

ಅವಳು ಹೊರಗೆ ಓಡಿ ಬಂದಾಗ ಅಕ್ಕಪಕ್ಕದ ಬಾಗಿಲುಗಳೆಲ್ಲ ತೆರೆದಿದ್ದವು. ಜಟಕಾದ ಮೇಲೆ ಬಿಳಿ ಅಂಗಿಯವನೊಬ್ಬ ಮೈಕು ಹಿಡಿದು ಕೂತಿದ್ದ.

"ರೀ, ನಿಲ್ಲಿಸ್ರೀ ಅದನ್ನ. ನನ್ನ ಹೆಸರು ಕೂಗು ಅಂತ ನಿಮಗೆ ಯಾರು ಹೇಳಿದ್ರು?"

ಅವನು ಕೆಳಗಿಳಿದ. "ಯಾರೂ ಹೇಳ್ಲಿಲ್ಲ ಕಣ್ರೀ. ನಾನು ಬೀರೂರಿನ ತೀರ್ಥಪ್ಪ. ಹೋದ ಹಬ್ಬದಲ್ಲಿ ರಂಗಪ್ಪನೋರ ಜವಳಿ ಅಂಗಡಿ ಪ್ರಚಾರ ಮಾಡ್ದೆ. ನಮ್ಮ ಅಂಗಡಿ ಕುಪ್ಪಸಕ್ಕೆ ಸಮ ಇಲ್ಲ ಅಂತ ಊರೂರು ಕೂಗ್ಬಂದೆ. ಆಮೇಲೆ ಗೊತ್ತಾಯ್ತು... ಹೊಲಿಯೋರು ನೀವು, ಹೆಸರು ಮಾತ್ರ ಅವ್ರದು. ಅದಕ್ಕೇ ಕಡೂರು, ಬೀರೂರು, ಲಿಂಗದಹಳ್ಳೀಲೆಲ್ಲ ನಿಮ್ಮ ಹೆಸರು ಕೂಗ್ಕೊಂಡೇ ಇಲ್ಲಿಗೆ ಬಂದೆ."

"ನಿಮಗೆ ಹೆಂಗೆ ಗೊತ್ತಾಯ್ತು?"

"ನಮ್ಮಕ್ಕನ ಕುಪ್ಪಸದ ಕೊರಳಿನ ಒಳಗಡೆ ಸಣ್ಣದೊಂದು ಕೆಂಪು ದಾರದ ಹೊಲಿಗೆ ಇತ್ತು. ಇದು ಯಾರ ಕೈ ಗುರುತು ಅಂತ ಅಂಗಡೀಲಿ ವಿಚಾರಿಸ್ದೆ. ನಿಮ್ಮ ಹೆಸರು ಹೇಳಿದ್ರು."

ತನ್ನ ಕೆಲಸಕ್ಕೆ ತನ್ನ ಹೆಸರಿಲ್ಲ ಎಂಬ ಸಂಕಟಕ್ಕೆ, ಯಾರಿಗೂ ಕಾಣದ ಕಡೆ ಪಂಕಜಾಕ್ಷಿ ಹಾಕುತ್ತಿದ್ದ ಹೊಲಿಗೆ ಅದು. ಇಷ್ಟು ವರ್ಷದಲ್ಲಿ ಅದನ್ನು ಕಂಡವನು ಇವನೊಬ್ಬನೇ.

ಆದರೆ ಎದುರುಮನೆಯ ಹೆಂಗಸರು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. ಸಿಟ್ಟು ನೆತ್ತಿಗೇರಿತು.

"ನಮ್ಮನೆ ಮಾನ ಏನಾಗುತ್ತೆ ಅಂತ ಯೋಚ್ನೆ ಮಾಡಿದ್ರಾ? ಇನ್ನೊಂದು ಸಲ ನಿಮ್ಮ ಬಾಯಲ್ಲಿ ನನ್ನ ಹೆಸರು ಬರಬಾರದು. ಸಾಯೋವರೆಗೂ ಬರಬಾರದು."

ಅವನ ಮುಖ ಬಾಡಿತು. "ಆಗ್ಲಿ ಕಣ್ರೀ. ಮಾತು ಕೊಟ್ಟೆ, ಬರಲ್ಲ."

ಅವಳು ಹೆದರಿದಂತೆಯೇ ಆಯಿತು. ಆಡುವವರ ಬಾಯಿಗೆ ಬೀಗ ಹಾಕುವವರು ಯಾರು? ಅಜ್ಜಂಪುರದಿಂದ ಅವಳಿಗೊಂದು ಸಂಬಂಧ ಬಂದಿತ್ತು, ಹೆಚ್ಚುಕಡಿಮೆ ಗೊತ್ತಾದ ಹಾಗೇ ಇತ್ತು. ಬೀದಿಯಲ್ಲಿ ಹೆಸರು ಕೂಗಿಸಿಕೊಂಡ ಹುಡುಗಿ ನಮ್ಮ ಮನೆಗೆ ಬೇಡ ಎಂದು ಅವರು ಹೇಳಿಕಳಿಸಿದರು. ರಂಗಪ್ಪನಂತೂ ಹೊಲಿಯಲು ಬಟ್ಟೆ ಕೊಡುವುದನ್ನೇ ನಿಲ್ಲಿಸಿದ.

"ಗಂಡೂ ಹೋಯ್ತು, ಅನ್ನಾನೂ ಹೋಯ್ತು ಕಣೇ ಪಂಕಜಾ," ಎಂದು ತಾಯಿ ದಾಕ್ಷಾಯಣಮ್ಮ ಗೋಡೆಗೊರಗಿ ಅತ್ತರು. ಗಂಡನಿಲ್ಲದ ಮನೆಯನ್ನು ಮಗಳ ಮಿಷನ್ನಿನ ಮೇಲೆ ನಡೆಸಿದವರು. ಅಳದೆ ಇನ್ನೇನು ಮಾಡಿಯಾರು?

ಆ ಮನುಷ್ಯನ ಮೈಕು ಸುಟ್ಟುಹೋಗಲಿ ಎಂದು ಪಂಕಜಾಕ್ಷಿ ಶಪಿಸಿದಳು.

ಹೀಗಿರುವಾಗ ಒಂದು ಬೆಳಗ್ಗೆ ಲಿಂಗದಹಳ್ಳಿಯ ಬಸ್ಸಿಳಿದ ಮೂವರು ಹೆಂಗಸರು ಬಾಗಿಲಿಗೆ ಬಂದು ನಿಂತರು.

"ಮೈಕಲ್ಲಿ ಹೇಳಿದ್ರಲ್ಲ, ಪಂಕಜಾಕ್ಷಿ ಅನ್ನೋರು... ಅವ್ರ ಮನೆ ಇದೇನಾ?"

ಆಮೇಲೆ ಬೀರೂರಿನವರು ಬಂದರು. ಕಡೂರಿನಿಂದ ಮದುಮಗಳೊಬ್ಬಳು ಬಂದಳು. ಬಂದವರು ಅಂಗಡಿಯ ಹೆಸರು ಕೇಳಲಿಲ್ಲ, ಪಂಕಜಾಕ್ಷಿಯನ್ನು ಕೇಳಿಕೊಂಡು ಬಂದರು. ಕೆಂಪು ದಾರ ಇದ್ದರೆ ಅವಳದೇ ಕೈ ಎಂದು ಹೆಂಗಸರು ತಮ್ಮತಮ್ಮಲ್ಲೇ ಹೇಳಿಕೊಳ್ಳತೊಡಗಿದರು. ಎರಡನೆಯ ಮಿಷನ್ ಬಂತು. ಬಾಗಿಲ ಮೇಲೆ ಅವಳ ಹೆಸರಿನ ಬೋರ್ಡೂ ಬಂತು.

ಆ ಬೋರ್ಡನ್ನು ನೋಡಿದಾಗಲೆಲ್ಲ ಅವಳಿಗೆ ಅವನ ದನಿ ಕೇಳಿಸುತ್ತಿತ್ತು. ನನ್ನ ಹೆಸರನ್ನು ಎಷ್ಟು ಮರ್ಯಾದೆಯಿಂದ ಕೂಗಿದ್ದನಲ್ಲ... ನಾನು ಬೈದದ್ದೇನು, ಅವನು ತಲೆತಗ್ಗಿಸಿ ಹೋದದ್ದೇನು...

ಕೋಪ ಯಾವಾಗ ಕರಗಿತೋ, ಅದರ ಜಾಗಕ್ಕೆ ಪ್ರೀತಿ ಯಾವಾಗ ಬಂದು ಕೂತಿತೋ ಅವಳಿಗೇ ತಿಳಿಯಲಿಲ್ಲ. ಜಟಕಾದ ಗೆಜ್ಜೆ ಸದ್ದಾದರೆ ಸಾಕು, ಮಿಷನ್ ಬಿಟ್ಟು ಬಾಗಿಲಿಗೆ ಓಡುತ್ತಿದ್ದಳು.

ಜಟಕಾ ಬರುತ್ತಿತ್ತು. ಆದರೆ ಕೋಟೆ ಬೀದಿಯ ತಿರುವಿನಲ್ಲಿ ಮೈಕು ಬಂದ್ ಆಗುತ್ತಿತ್ತು. ಅವನು ತಲೆ ಬಗ್ಗಿಸಿಕೊಂಡು ಅವಳ ಮನೆ ದಾಟುತ್ತಿದ್ದ. ಆಚೆ ಬೀದಿಗೆ ಹೋದ ಮೇಲೆ ಮತ್ತೆ ದನಿ ಕೇಳಿಸುತ್ತಿತ್ತು.

ಇಷ್ಟೊಂದು ಹಮ್ಮಾ ಇವನಿಗೆ? ಕೋಪದಲ್ಲಿ ಒಂದು ಮಾತಂದರೆ ಮುಖವನ್ನೂ ನೋಡಬಾರದಾ?

ಅವಳೇ ಕರೆಯಬಹುದಿತ್ತಲ್ಲ ಅನ್ನುತ್ತೀರಿ. ಕರೆಯಬಹುದಿತ್ತು. ಆದರೆ ಹೆಸರು ಕೂಗಿದ್ದಕ್ಕೆ ಊರೆದುರು ಬೈದವಳು, ತಾನೇ ಬೀದಿಯಲ್ಲಿ ನಿಂತು ಗಂಡಸಿನ ಹೆಸರು ಹಿಡಿದು ಕೂಗುವುದು ಹೇಗೆ? ಬಾಗಿಲು ಹಿಡಿದು ನಿಂತಳು. ಪ್ರತಿಸಲವೂ ಜಟಕಾ ದಾಟಿಹೋಯಿತು.

ಕೊನೆಗೊಂದು ಕಾಲಕ್ಕೆ ಜಟಕಾ ಬರುವುದೇ ನಿಂತಿತು. ಮದುವೆಯಾಗಿರಬೇಕು ಅಂದುಕೊಂಡಳು. ಅಂದುಕೊಂಡು ಮಿಷನ್ನಿನ ಮೇಲೆ ತಲೆಯಿಟ್ಟು ಅತ್ತಳು.

ಮುಂದಿನ ಬೇಸಿಗೆಯಲ್ಲಿ ಬೀರೂರಿನಿಂದ ಒಬ್ಬ ಹೆಂಗಸು ಬಂದಳು. ಕೈಯಲ್ಲಿ ಹಳೆಯದೊಂದು ಬಿಳಿ ಅಂಗಿ.

"ಗಂಡಸ್ರ ಅಂಗಿ ಹೊಲೀತೀಯೇನವ್ವಾ? ಅಳತೆಗೆ ಇದನ್ನ ತಂದೀನಿ. ಕಾಲರ್ ಮಾತ್ರ ಎತ್ತರ ಇರಬೇಕು, ಕೊರಳು ಪೂರ್ತಿ ಮುಚ್ಚಬೇಕು."

"ನಾನು ಹೆಂಗಸ್ರದ್ದು ಮಾತ್ರ ಹೊಲಿಯೋದು ಅಕ್ಕಾ. ಯಾರಿಗೆ ಬೇಕಿತ್ತು?"

"ನನ್ನ ತಮ್ಮಂಗೆ. ಗಂಟಲಲ್ಲಿ ಹುಣ್ಣಾಗಿತ್ತು. ಬೆಂಗಳೂರಲ್ಲಿ ಆಪರೇಷನ್ ಮಾಡಿ ದನಿ ಪೆಟ್ಟಿಗೆನೇ ತೆಗೆದ್ಬಿಟ್ರು. ಕೊರಳಲ್ಲಿ ತೂತು, ಅದರಲ್ಲೇ ಉಸಿರಾಟ. ಜನ ನೋಡ್ತಾರೆ ಅಂತ ಹೊಸ್ತಿಲು ದಾಟಲ್ಲ. ಮೈಕ್ ತೀರ್ಥಪ್ಪ ಅಂದ್ರೆ ನಿನಗೂ ಗೊತ್ತಿರಬೇಕಲ್ಲ..."

ಪಂಕಜಾಕ್ಷಿ ಆ ಹಳೆಯ ಅಂಗಿಯನ್ನು ಎದೆಗೊತ್ತಿಕೊಂಡು ಅಲ್ಲೇ ಕೂತು ಅತ್ತಳು.

ಬಂದವಳು ತೀರ್ಥಪ್ಪನ ಅಕ್ಕ ಕಾಂತಮ್ಮ. ಹುಡುಗಿಯ ಕಣ್ಣೀರು ನೋಡಿ ಅವಳಿಗೂ ತಡೆಯಲಾಗಲಿಲ್ಲ. ಪಕ್ಕದಲ್ಲಿ ಕೂತು ಅವಳ ಕೈ ಹಿಡಿದುಕೊಂಡಳು.

"ಆಪರೇಷನ್ ಹಿಂದಿನ ದಿನ ಡಾಕ್ಟ್ರು ಅಂದ್ರು, ಆಡೋ ಮಾತೆಲ್ಲ ಇವತ್ತೇ ಆಡಿಬಿಡಪ್ಪ ಅಂತ. ನಮ್ಮೆಲ್ಲರ ಹೆಸರು ಹಿಡಿದು ಕರೆದ. ಕುದುರೆ ಹೆಸರೂ ಹೇಳ್ದ. ಇನ್ಯಾರ ಹೆಸರಾದ್ರೂ ಹೇಳೋದಿದ್ಯೇನೋ ಅಂದೆ. 'ಒಂದಿದೆ ಅಕ್ಕಾ, ಬಾಯಲ್ಲಿ ತರಲ್ಲ ಅಂತ ಮಾತು ಕೊಟ್ಟೀನಿ' ಅಂದ. ಅಷ್ಟೇ ಕಣವ್ವಾ ಅವನು ಆಡಿದ ಕಡೇ ಮಾತು. ಅವನು ಹೇಳದಿದ್ರೂ ನನಗೆ ಗೊತ್ತಾಗಲ್ವಾ? ನನ್ನ ಕುಪ್ಪಸದ ಕೊರಳು ನೋಡ್ತಾ ಎಷ್ಟು ಸಲ ಕೂತಿದ್ದ."

ಹಮ್ಮಲ್ಲ... ಅದು ಹಮ್ಮಲ್ಲ. ನಾನು ಅಂದದ್ದನ್ನೇ ಅವನು ನಡೆಸಿದ. ಇನ್ನು ಆ ದನಿಯಲ್ಲಿ ನನ್ನ ಹೆಸರು ಎಂದಿಗೂ ಕೇಳಿಸುವುದಿಲ್ಲ. ಬೇಡ ಅಂದವಳು ನಾನೇ. ನನ್ನ ನಾಲಿಗೆಗೆ ಬೆಂಕಿ ಬೀಳ.

ಆ ಅಂಗಿಯನ್ನು ಅವಳು ಅಳುತ್ತಲೇ ಹೊಲಿದಳು. ಉಸಿರಿಗೆ ತಡೆಯಾಗಬಾರದೆಂದು ಕೊರಳಿನ ಮುಂಭಾಗಕ್ಕೆ ತೆಳುವಾದ ಮಲ್ ಬಟ್ಟೆ ಇಟ್ಟಳು. ಕಡೆಗೆ ಕಾಲರಿನ ಒಳಗೆ ಕೆಂಪು ದಾರ ಎಳೆದಳು.

ನೋಡುತ್ತಿದ್ದ ತಾಯಿ ಕೇಳಿದರು. "ಮಾತೇ ಬರದ ಗಂಡು ಕಣೇ. ಜೀವನಪೂರ್ತಿ ಆಗುತ್ತೇನೇ?"

"ಮಾತು ಬರ್ತಿದ್ದಾಗ ನಾನೇ ಬಾಯಿ ಮುಚ್ಚಿಸಿದ್ನಲ್ಲಮ್ಮ."

ದಾಕ್ಷಾಯಣಮ್ಮ ಒಳಗೆ ಹೋಗಿ ವಿಭೂತಿ ತಂದು ಮಗಳ ಹಣೆಗೆ ಹಚ್ಚಿದರು.

ಬೀರೂರು ಸ್ಟೇಷನ್ನಿನ ಹಿಂದಿನ ಬೀದಿ. ಮನೆಯೆದುರು ಕುದುರೆ ಕಟ್ಟದ ಜಟಕಾ ಮೂಕಿ ನೆಲಕ್ಕಿಟ್ಟುಕೊಂಡು ನಿಂತಿತ್ತು. ಒಳಗೆ ಮೂಲೆಯಲ್ಲಿಟ್ಟ ಮೈಕಿನ ಮೇಲೆ ಧೂಳು. ಪಂಕಜಾಕ್ಷಿಯನ್ನು ಕಂಡದ್ದೇ ತೀರ್ಥಪ್ಪ ಗಾಬರಿಯಿಂದ ಎದ್ದು ಟವೆಲಿನಿಂದ ಕೊರಳು ಮುಚ್ಚಿಕೊಂಡ. ಎಷ್ಟು ಸೊರಗಿದ್ದ...

"ತಪ್ಪಾಯ್ತು," ಎಂದಳು.

ಇಲ್ಲ ಇಲ್ಲ ಎನ್ನುವಂತೆ ಅವನು ತಲೆಯಾಡಿಸಿದ. ಅವಳು ಅಂಗಿ ಕೊಟ್ಟಳು. ಅವನ ಬೆರಳು ಕಾಲರಿನ ಒಳಗೆ ಹೋಯಿತು, ಕೆಂಪು ದಾರದ ಮೇಲೆ ನಿಂತಿತು. ಅವನ ಕಣ್ಣಿಂದ ಬಳಬಳ ನೀರು ಇಳಿಯಿತು. ಅಳುವಿಗೂ ಸದ್ದಿರಲಿಲ್ಲ. ಅದನ್ನು ನೋಡಲಾರದೆ ಕಾಂತಮ್ಮ ಮುಖ ತಿರುಗಿಸಿದಳು.

ಅವನು ಕೊರಳು ತೋರಿಸಿದ, ಮೂಲೆಯ ಮೈಕು ತೋರಿಸಿದ, ಎರಡೂ ಕೈ ಬಿಚ್ಚಿದ. ನನ್ನ ಹತ್ತಿರ ಇನ್ನೇನೂ ಉಳಿದಿಲ್ಲ, ಹೋಗು ಎಂದು ಬಾಗಿಲ ಕಡೆ ಕೈ ಮಾಡಿದ.

ಪಂಕಜಾಕ್ಷಿ ಬಾಗಿಲ ಕಡೆಗೇ ಹೋದಳು. ಅಲ್ಲಿ ನಿಂತು ಕಣ್ಣೊರೆಸಿಕೊಂಡಳು.

"ಅಕ್ಕಾ, ಬ್ಯಾಟರಿ ಎಲ್ಲಿಟ್ಟಿದ್ದೀರಿ?"

ಸಂಜೆಯ ಗಾಡಿಗೆ ಹೊರಟ ಜನ ಬೀದಿಯಲ್ಲಿ ತುಂಬಿದ್ದರು. ಹುಡುಗಿ ಮೈಕು ಹಿಡಿದು ಜಟಕಾದ ಮೇಲೆ ಹತ್ತಿ ನಿಂತಳು. ಮೈಕು ಒಮ್ಮೆ ಕೀರಲಿಟ್ಟು ಸುಮ್ಮನಾಯಿತು.

"ಬೀರೂರಿನ ಮಹಾಜನಗಳೇ... ನಾನು ತರೀಕೆರೆ ಪಂಕಜಾಕ್ಷಿ. ನನ್ನ ಹೆಸರು ನಿಮಗೆಲ್ಲ ಗೊತ್ತಿದ್ರೆ, ಅದು ತೀರ್ಥಪ್ಪನೋರು ಕೂಗಿದ್ದಕ್ಕೆ. ಮದುವೆಗೆ, ಪ್ರಚಾರಕ್ಕೆ ಮೈಕು ಬೇಕಾದೋರು ಇಲ್ಲಿಗೇ ಬನ್ನಿ. ಮೈಕು ತೀರ್ಥಪ್ಪನೋರದು, ಕೂಗೋಳು ನಾನು. ಮರೀಬೇಡಿ... ತೀರ್ಥಪ್ಪ, ತೀರ್ಥಪ್ಪ..."

ಕಾಂತಮ್ಮ ಓಡಿಬಂದು ಅವಳ ಸೆರಗು ಜಗ್ಗಿದಳು. "ಲೇ, ಮದುವೆ ಆಗೋ ಗಂಡಿನ ಹೆಸರು ಹಿಂಗೆ ಬಾಯಲ್ಲಿ ಹೇಳ್ತಾರೇನೇ?"

"ಗಂಡ ಆದ್ಮೇಲೆ ಹೇಳೋ ಹಂಗಿಲ್ವಲ್ಲಕ್ಕಾ. ಅಷ್ಟರೊಳಗೆ ಎಷ್ಟಾಗುತ್ತೋ ಅಷ್ಟು ಹೇಳ್ಬಿಡ್ತೀನಿ."

ತೀರ್ಥಪ್ಪ ಹೊಸ್ತಿಲು ದಾಟಿ ಹೊರಗೆ ಬಂದಿದ್ದ. ಮೈಮೇಲೆ ಹೊಸ ಅಂಗಿ, ಕೊರಳಿನವರೆಗೂ ಗುಂಡಿ. ಜನ ನೋಡುತ್ತಿದ್ದರು, ನೋಡಲಿ ಎಂದು ನಿಂತಿದ್ದ.

ಅವಳು ಕೆಳಗಿಳಿದು ಅವನ ಎದುರು ನಿಂತಳು.

"ಅವತ್ತು ಆಡಿದ ಮಾತು ವಾಪಸ್ ತಗೊಂಡೆ ಕಣ್ರೀ. ಈಗ ಹೇಳಿ... ನನ್ನ ಹೆಸರು ಹೇಳಿ."

ಅವನು ಅವಳನ್ನೇ ನೋಡುತ್ತ ತುಟಿ ಬಿಚ್ಚಿದ. ನಿಧಾನವಾಗಿ, ಒಂದೊಂದೇ ಅಕ್ಷರವಾಗಿ ತುಟಿ ಆಡಿತು. ಕೊರಳಿನ ಮಲ್ ಬಟ್ಟೆ ಉಸಿರಿಗೆ ಅಲುಗಿತು. ಸದ್ದೇನೂ ಬರಲಿಲ್ಲ.

ಪಂಕಜಾಕ್ಷಿ ಅಳುತ್ತಲೇ ತಲೆಯಾಡಿಸಿದಳು.

"ಕೇಳಿಸ್ತು," ಎಂದಳು. "ಇನ್ನೊಂದ್ಸಲ ಹೇಳಿ."