ಐದು ಹೊಸ ಸ್ಪೋಕುಗಳು

ಸಿದ್ದಕಟ್ಟೆಯ ಇಳಿಜಾರಿನ ಮೋರಿಯ ಕೆಳಗೆ ಹೆಣ ಬಿದ್ದಿತ್ತು. ಪಕ್ಕದಲ್ಲೇ ಸೈಕಲ್. ಬೆಳಿಗ್ಗೆ ಹಾಲಿನವಳು ಕಂಡು ಕೂಗಿಕೊಂಡಳು.

ಸತ್ತವನು ರವಿರಾಜ. ಮೂರು ಮೈಲಿ ಆಚೆಯ ವಿಮಲಕುಮಾರ ಅರಿಗರ ತಂಗಿಯ ಮಗ. ೧೯೫೪ರಲ್ಲೂ ಆ ಮನೆಯಲ್ಲಿ ಅಳಿಯಕಟ್ಟು ನಡೆಯುತ್ತಿತ್ತು. ಮಾವ ಕಣ್ಣು ಮುಚ್ಚಿದರೆ ಯಜಮಾನಿಕೆ ಸೋದರಳಿಯನಿಗೆ, ಹೆಂಡತಿ ಮಕ್ಕಳಿಗಲ್ಲ.

"ನಿನ್ನೆ ಸಂಜೆ ಬಂಟ್ವಾಳಕ್ಕೆಂದು ಸೈಕಲ್ ಹತ್ತಿ ಹೋದ," ಎಂದರು ಅರಿಗರು. "ಮುಂದಿನ ಚಕ್ರಕ್ಕೆ ಐದು ಸ್ಪೋಕು ನಾನೇ ಹಾಕಿದ್ದೆ. ಪೇಟೆಯ ಹಾಜಬ್ಬನ ಸೈಕಲ್ ಅಂಗಡಿಯ ಮಾಲು. ಕೈಕೊಟ್ಟಿತು."

ಐದರಲ್ಲಿ ಎರಡು ಮುರಿದಿದ್ದವು. ಹೆಡ್ ಕಾನ್‌ಸ್ಟೇಬಲ್ ಜತ್ತಪ್ಪ ಬಗ್ಗಿ ಮುಂದಿನ ಟಯರನ್ನು ಒತ್ತಿ ನೋಡಿದ. ಕಲ್ಲಿನಂತೆ ಗಟ್ಟಿ.

*

ಮಧ್ಯಾಹ್ನಕ್ಕೆ ಹಾಜಬ್ಬ ಲಾಕಪ್ಪಿನಲ್ಲಿದ್ದ. ಹೋದ ವಾರ ಪೇಟೆಯಲ್ಲಿ ಅವನಿಗೂ ರವಿರಾಜನಿಗೂ ಜಗಳವಾಗಿತ್ತು. ಸಬ್ ಇನ್‌ಸ್ಪೆಕ್ಟರಿಗೆ ಅಷ್ಟು ಸಾಕಾಯಿತು. "ಬೇಕೆಂದೇ ಹಾಳು ಮಾಲು ಕೊಟ್ಟಿದ್ದಾನೆ. ನಾಳೆ ಕೋರ್ಟಿಗೆ."

"ಜಗಳ ಆದದ್ದು ಹೌದು ಜತ್ತಪ್ಪಣ್ಣ," ಎಂದ ಹಾಜಬ್ಬ ಸರಳಿನ ಹಿಂದಿನಿಂದ. "ಅದಕ್ಕೆ ಸ್ಪೋಕಿಗೂ ಕೋಪ ಬರ್ತದಾ?"

"ತಮಾಷೆ ಬೇಡ ಮಾರಾಯ. ಎಂಥ ಸ್ಪೋಕು ಕೊಟ್ಟೆ?"

"ಸರಿ ಅಳತೆಯದ್ದು ಇರ್ಲಿಲ್ಲ. ಸ್ವಲ್ಪ ಉದ್ದದ್ದು ಕೊಟ್ಟೆ. ಚಕ್ರದ ಬೆಂಡ್ ತೆಗೆದು ಬಿಗಿ ಮಾಡಿದ್ರೆ ತುದಿ ರಿಮ್ಮಿನೊಳಗೆ ಎದ್ದು ನಿಲ್ತದೆ, ಅರದಲ್ಲಿ ಉಜ್ಜಿಯೇ ಟಯರ್ ಹಾಕಿ ಅಂದೆ. ಅರಿಗರು ನಕ್ಕರು. ಇಪ್ಪತ್ತು ವರ್ಷದಿಂದ ಮನೆಯಲ್ಲೇ ಮಾಡ್ತೇನೆ, ನನಗೆ ಕಲಿಸ್ತೀಯಾ ಅಂದ್ರು."

"ಉಜ್ಜದಿದ್ದರೆ?"

"ಆಳು ಕೂತು ಒಂದು ಫರ್ಲಾಂಗು ಹೋಗುವಾಗ ಟ್ಯೂಬು ತೂತು."

ಜತ್ತಪ್ಪ ಠಾಣೆಯ ಅಂಗಳದಲ್ಲಿ ಟಯರ್ ಬಿಚ್ಚಿದ. ಐದು ತುದಿಗಳು ಮುಳ್ಳಿನಂತೆ ನಿಂತಿದ್ದವು. ಟ್ಯೂಬಿನಲ್ಲಿ ಒಂದು ತೂತೂ ಇರಲಿಲ್ಲ.

ಸಬ್ ಇನ್‌ಸ್ಪೆಕ್ಟರನ್ನು ಕರೆದು ಎದುರಿಗೆ ನಿಲ್ಲಿಸಿಕೊಂಡ. ಟಯರ್ ಹಾಕಿ, ಗಾಳಿ ತುಂಬಿ, ತಾನೇ ಸೈಕಲ್ ಹತ್ತಿದ. ರಸ್ತೆಯ ತಿರುವು ಮುಟ್ಟುವ ಮೊದಲೇ ಟಯರು ಚಪ್ಪಟೆಯಾಯಿತು.

*

ಅರಿಗರು ಜಗಲಿಯಲ್ಲಿ ಕುಳಿತಿದ್ದರು. ಒಳಬಾಗಿಲಲ್ಲಿ ಅವರ ಹೆಂಡತಿ ಕಮಲಾವತಿ.

"ಆ ಸೈಕಲಿನಲ್ಲಿ ಯಾರೂ ಮೂರು ಮೈಲಿ ಹೋಗಲಿಲ್ಲ ಅರಿಗರೇ," ಎಂದ ಜತ್ತಪ್ಪ. "ಅದು ಹೋದದ್ದು ನಿಮ್ಮ ಎತ್ತಿನ ಗಾಡಿಯಲ್ಲಿ. ಹೆಣವೂ ಅದರಲ್ಲೇ. ಹಾಸಿದ ಹುಲ್ಲಿಗೆ ರಕ್ತ ಅಂಟಿದ್ದು ಈಗಷ್ಟೇ ನೋಡಿ ಬಂದೆ. ನಿಮ್ಮಂಥ ಕೈ ಪಳಗಿದವರು ಅರ ಹಾಕಲು ಮರೆಯುವುದಿಲ್ಲ. ಬೆಂಡ್ ತೆಗೆದಾಗಿತ್ತು, ಉಜ್ಜುವುದೊಂದೇ ಉಳಿದಿತ್ತು. ಅಷ್ಟರಲ್ಲಿ ಏನೋ ಆಯಿತು. ಮತ್ತೆ ಅವಸರದಲ್ಲಿ ಟಯರ್ ಹಾಕಿ, ಎರಡು ಸ್ಪೋಕು ನೀವೇ ಮುರಿದಿರಿ."

ಕಮಲಾವತಿ ಹೊಸ್ತಿಲು ದಾಟಿ ಜಗಲಿಗೆ ಬಂದರು.

"ರವಿರಾಜ ಎದುರಿಗೆ ಕೂತು ಚಕ್ರ ತಿರುಗಿಸಿಕೊಡ್ತಾ ಇದ್ದ," ಎಂದರು ಅರಿಗರು. "ನಗುತ್ತಲೇ ಹೇಳಿದ. ಮಾವ, ನೀವು ಹೋದ ಹದಿಮೂರನೇ ದಿನ ಅತ್ತೆಯೂ ಮಗಳೂ ಗಂಟು ಕಟ್ಟಿ ಮನೆ ಬಿಡಬೇಕು, ಈಗಲೇ ಹೇಳಿಡಿ. ನನ್ನ ಕೈಯಲ್ಲಿ ಸ್ಪ್ಯಾನರ್ ಇತ್ತು."

"ಇನ್ನಾದರೂ ಮನೆ ಇವರಿಗೆ ಉಳೀತದಾ?" ಜತ್ತಪ್ಪ ಕಮಲಾವತಿಯತ್ತ ನೋಡಿ ಕೇಳಿದ.

"ಇಲ್ಲ. ರವಿರಾಜನ ತಮ್ಮ ಇದ್ದಾನೆ."

ಜತ್ತಪ್ಪ ಬೇಡಿ ತೆಗೆದ. "ಹಾಜಬ್ಬನಿಗೂ ಹೆಂಡತಿ ಮಕ್ಕಳು ಉಂಟು. ಅವನನ್ನು ಯಾಕೆ ಸಿಕ್ಕಿಸಿದಿರಿ?"

ಅರಿಗರು ಕೈ ಚಾಚಿದರು. ದನಿಯಲ್ಲಿ ನಾಚಿಕೆಯಿರಲಿಲ್ಲ, ಹೊಟ್ಟೆಕಿಚ್ಚಿತ್ತು.

"ಹಾಜಬ್ಬ ಜೈಲಿಗೆ ಹೋದರೂ ಅವನ ಮನೆ ಅವನ ಮಕ್ಕಳಿಗೇ ಇರ್ತದಲ್ಲ, ಜತ್ತಪ್ಪ."